ಚಕ್ರಜ್ವರ ನಿದಾನ: ಸಯನ್ ಪಾಠ

ಮನೆಯನ್ನೇ ಕಾರಿನ ಬಾಲಕ್ಕೆ ಕಟ್ಟಿ ಎಳೆದೊಯ್ಯುವ ಟ್ರೇಲರು ಸಯನ್‌ನಲ್ಲಿ ದುರ್ಲಭ. ಮುಂಬಯಿಯಲ್ಲಿ ನಿಂತ ಮನೆ ಸಿಕ್ಕುವುದೇ ಕಷ್ಟ, ಇನ್ನು ಓಡುವ ಮನೆ! ಆದರೆ ವಸ್ತುವಿನ ಅಭಾವ ಸಂಶೋಧನೆಗೆ ಅಡ್ಡಿಯಾದ ಉದಾಹರಣೆ ನಮ್ಮ ವಿದ್ವತ್ ಪರಂಪರೆಯಲ್ಲಿಲ್ಲ. ಮೇಲಾಗಿ ಒಬ್ಬ ರೋಗಿಯೂ ದೊರೆತ. ಅಮೆರಿಕದಿಂದ ವಿದ್ಯುತ್ ಬ್ರೇಕಿನ ಎರಡು ಆಕ್ಸಲ್ ತರಿಸಿ, ಪುಣೆಯಲ್ಲಿ ಅವುಗಳ ಮೇಲೆ ಮನೆ ಕಟ್ಟಿಸಿದ ನಮ್ಮ ಷಡ್ಡಕ, ಖಂಡಾಲಾ ಘಾಟಿ ಇಳಿದು ಸಯನ್ ವೃತ್ತ ಮುಟ್ಟುವಷ್ಟರಲ್ಲಿ ಎಡ ಹಿಂಚಕ್ರದಿಂದ ಸುಟ್ಟ ಲೈನರಿನ ಘಮಲು.

ಮೊದಲು ಸ್ಥಳನಿರ್ವಚನ. ವಾಹನಗಳು ಮಲಗುವುದರಿಂದ ‘ಶಯನ’ವೇ ಸಯನ್ ಆಯಿತೆಂಬ ಮತ ಸಂಜೆ ಏಳರ ಹೊತ್ತಿಗೆ ಅಖಂಡನೀಯವೆನಿಸಿದರೂ ತಪ್ಪು. ಮೂಲ ಮರಾಠಿಯ ‘ಶೀವ್’, ಅಂದರೆ ನಮ್ಮ ಸೀಮೆ. ಇಂಗ್ಲಿಷರ ಪರೇಲ್ ದ್ವೀಪಕ್ಕೂ ಪೋರ್ಚುಗೀಸರ ಸಾಷ್ಟಿ ದ್ವೀಪಕ್ಕೂ ಇದೇ ಗಡಿಯಾಗಿತ್ತು. 1669ರಿಂದ 1677ರ ನಡುವೆ ಕಟ್ಟಿದ ಕಾವಲು ಕೋಟೆ ಗುಡ್ಡದ ಮೇಲೆ ಈಗಲೂ ಇದೆ. ಆಟೋರಿಕ್ಷಾಗಳು ಇಂದಿಗೂ ಈ ಗಡಿ ದಾಟಿ ದಕ್ಷಿಣಕ್ಕೆ ಹೋಗುವಂತಿಲ್ಲ. ಬ್ರೇಕಿನ ವಿಚಾರಕ್ಕೆ ಇದಕ್ಕಿಂತ ಪ್ರಶಸ್ತ ಕ್ಷೇತ್ರ ಯಾವುದು?

ಇನ್ನು ಜ್ವರದ ಮೂಲ. ಒಂದೂವರೆ ಟನ್ನಿನ ಮನೆ 500 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ ಸುಮಾರು 73 ಲಕ್ಷ ಜೂಲ್. ಪಕ್ಕದ ಮಾಟುಂಗಾದ ಭಾಷೆಯಲ್ಲಿ 25 ಲೀಟರ್ ಕುದಿನೀರು, ಅಂದರೆ 250 ಲೋಟ ಫಿಲ್ಟರ್ ಕಾಫಿ. ಕೆಳ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ನೇ ಕುಡಿಯುತ್ತದೆ. ಷಡ್ಡಕ ಟಾಪ್ ಗೇರಿನಲ್ಲಿ, ಭಜನೆ ಹಾಕಿಕೊಂಡು ಇಳಿದಿದ್ದ.

ಬ್ರೇಕ್ ತುಳಿದೊಡನೆ ಚಕ್ರದೊಳಗಿನ ವಿದ್ಯುತ್ಕಾಂತಕ್ಕೆ 12 ವೋಲ್ಟಿನ ಬ್ಯಾಟರಿಯಿಂದ ಕರೆಂಟು. ಕಾಂತ ತಿರುಗುವ ಡ್ರಮ್ಮಿಗೆ ಅಂಟಿ ಅದರ ಜೊತೆಗೇ ಹೊರಡಲು ನೋಡುತ್ತದೆ. ಆ ಎಳೆತಕ್ಕೆ ಸನ್ನೆ ಸರಿದು ಲೈನರನ್ನು ಡ್ರಮ್ಮಿಗೆ ಒತ್ತುತ್ತದೆ. ಇಷ್ಟೇ.

ಪೂರ್ವಪಕ್ಷ: ವೃತ್ತದ ಬದಿ ನೆರೆದ ಪಂಡಿತರು ಬಿಸಿ ಚಕ್ರವನ್ನೇ ಸುತ್ತುವರಿದರು. ‘ಲೈನರ್ ಚಿಪಕ್ ಗಯಾ’ ಎಂದಿತು ಒಂದು ಶಾಖೆ. ಬೇರಿಂಗ್ ಎಂದಿತು ಇನ್ನೊಂದು. ಎರಡೂ ಲೋಕದಲ್ಲಿ ಉಂಟು. ಡ್ರಮ್ಮಿಗಿಂತ ನಡುವಿನ ಹಬ್ ಹೆಚ್ಚು ಕಾದಿದ್ದರೆ ಬೇರಿಂಗ್. ಜಾಕ್ ಕೊಟ್ಟು ಕೈಯಲ್ಲಿ ತಿರುಗಿಸಿದಾಗ ಬಿಗಿ ಹಿಡಿದರೆ ಲೈನರು. ಇಲ್ಲಿ ಹಬ್ ಅಷ್ಟು ಕಾದಿರಲಿಲ್ಲ, ಚಕ್ರವೂ ಸಲೀಸಾಗಿ ತಿರುಗಿತು.

ಸಿದ್ಧಾಂತ: ಬಿಸಿಯಾದದ್ದನ್ನು ಬಿಡು, ತಣ್ಣಗಿರುವ ಮೂರನ್ನು ಮುಟ್ಟು. ಮುಟ್ಟಿದೆ. ಘಾಟಿ ಇಳಿದ ಸುದ್ದಿಯೇ ತಲುಪದಂತೆ, ಈಗಷ್ಟೇ ಮಿಂದು ಬಂದವರಂತೆ ತಂಪಾಗಿದ್ದವು! ಟ್ರೇಲರಿನ ಬ್ರೇಕುಗಳ ಪಾಲಿಗೆ ಬಂದ ಲೋಟಗಳೆಲ್ಲ ಒಂದೇ ಚಕ್ರದ ತಲೆಯ ಮೇಲೆ. ದೃಷ್ಟಾಂತಕ್ಕೆ ಯಾವುದೇ ಸಂಘದ ಸಮಿತಿ ಸಾಕು. ವಾರ್ಷಿಕೋತ್ಸವದ ದಿನ ಬೆವರಿ, ಕಿರುಚಾಡಿ, ‘ಸಿಡುಕ’ ಎನಿಸಿಕೊಳ್ಳುವ ಕಾರ್ಯದರ್ಶಿ ಒಬ್ಬ. ಶಾಲು ಹೊದ್ದು ಪ್ರಸನ್ನವದನರಾಗಿ ಕೂತ ಉಪಾಧ್ಯಕ್ಷರು ಮೂವರು. ಮಹಾಸಭೆ ಪ್ರತಿ ವರ್ಷ ರಿಪೇರಿಗೆ ಹೊರಡುವುದು ಕಾರ್ಯದರ್ಶಿಯ ಸ್ವಭಾವವನ್ನೇ.

ಉಪಾಧ್ಯಕ್ಷರ ಕಾಂತಗಳಿಗೆ ಮೀಟರ್ ಹಿಡಿದರೆ ತಲಾ 3 ಓಮ್ ಆಸುಪಾಸು. ಆರೋಗ್ಯವಂತರೇ; ಕರೆಂಟು ಹರಿಯುತ್ತಿರಲಿಲ್ಲ ಅಷ್ಟೆ. ಮೂವರಿಗೂ ಸೇರಿದ ಅರ್ತಿಂಗ್ ತಂತಿಯ ತುದಿ ಚಾಸಿಯ ಬೋಲ್ಟಿನಲ್ಲಿ ತುಕ್ಕಾಗಿ ಕೂತಿತ್ತು. ಉಜ್ಜಿ ಹೊಳೆಯಿಸಿ ಬಿಗಿದೆವು. ಸುಟ್ಟ ಲೈನರಿಗೆ ಅಮೆರಿಕಕ್ಕೆ ಬರೆದು, ಬರುವವರೆಗೆ ಟ್ರೇಲರಿಗೆ ನಿಜವಾದ ಶಯನ. ಹೊಸದು ಕೂರಿಸಿದ ಮೇಲೆ, ಲೈನರಿಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ಹಲ್ಲುಗಾಲಿಯನ್ನು ಚಕ್ರ ನಿಲ್ಲುವವರೆಗೆ ಬಿಗಿದು ಹತ್ತು ಹಲ್ಲು ಹಿಂದೆ ಬಿಡಬೇಕೆಂದು ಒಂದು ಪಾಠ, ಎಂಟೆಂದು ಪಾಠಾಂತರ. ನಾನು ಸಮನ್ವಯವಾದಿ, ಒಂಬತ್ತು ಬಿಟ್ಟೆ.

ಪ್ರಯೋಗಕ್ಕೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಓಡಿ, ನಿಂತು, ಮತ್ತೆ ಓಡಬೇಕು. 1912ರ ರೈಲು ಮೇಲ್ಸೇತುವೆಯನ್ನು ಕೆಡವಲೆಂದು 2024ರ ಆಗಸ್ಟ್‌ನಲ್ಲಿ ಮುಚ್ಚಿದ ಮೇಲೆ ಆ ಅಂಕಿ ಸಯನ್‌ನಲ್ಲಿ ಪುರಾಣಕ್ಕೆ ಸೇರಿತ್ತು. ಮುಕ್ಕಾಲು ಗಂಟೆ ತೆವಳಿ ಮಾಟುಂಗಾ ತಲುಪಿ ಕೈಯಿಟ್ಟು ನೋಡಿದೆ. ನಾಲ್ಕೂ ಡ್ರಮ್ಮು ಉಪಾಧ್ಯಕ್ಷರಷ್ಟೇ ತಂಪು. ಚಿಕಿತ್ಸೆ ಫಲಿಸಿತೆಂದು ದಾಖಲಿಸಿದ್ದೇನೆ.