ತಂಗಿಗೆ 45 ರೂಪಾಯಿ ಕಮ್ಮಿ

ಭಾಗ್ಯಲಕ್ಷ್ಮಿ ಬಾಂಡನ್ನು ಮನೆಮನೆಯಲ್ಲೂ ಟ್ರಂಕಿನ ತಳಕ್ಕೆ ಸೇರಿಸಿದ್ದಾರೆ, ಮೊತ್ತವನ್ನು ಗಮನವಿಟ್ಟು ಓದಿದವರು ಕಡಿಮೆ. 2008ರ ಆಗಸ್ಟ್ ಒಂದರಿಂದ 2020ರ ಹೊತ್ತಿನವರೆಗೆ ಹುಟ್ಟಿದ ಮೊದಲ ಮಗಳಿಗೆ, ಹದಿನೆಂಟು ತುಂಬಿದಾಗ, 1,00,097 ರೂಪಾಯಿ. ಎರಡನೆಯವಳಿಗೆ 1,00,052. ಬರೀ ಲಕ್ಷವಾದರೆ ಯಾವ ಪುಢಾರಿಯೂ ಭಾಷಣದಲ್ಲಿ ಒದರಿಬಿಡುತ್ತಾನೆ. ಬಾಲದಲ್ಲಿ ಆ 97, ಆ 52 ಇರುವುದರಿಂದಲೇ ಜನ ನಂಬಿದ್ದು. ಅಕ್ಕನ ಹೆಸರಿಗೆ 19,300, ತಂಗಿಯ ಹೆಸರಿಗೆ 18,350 ಎಲ್‌ಐಸಿಯಲ್ಲಿ ಇಟ್ಟು, ಹದಿನೆಂಟು ವರ್ಷದ ಬಡ್ಡಿ ಕೂಡಿಸಿ, ಕಡೆಗೆ ತಂಗಿಯ ಪಾಲಿನಲ್ಲಿ 45 ರೂಪಾಯಿ ಮುರಿದ ಆ ಕೈಗೆ ಬೆಳಗಾವಿ ಕುಂದಾ ತಿನ್ನಿಸಬೇಕು. ಖಾನಾಪುರದ ಯಾವ ಬಡತಾಯಿಯೂ ಹೆಣ್ಣುಮಕ್ಕಳ ನಡುವೆ ಇಷ್ಟು ಕರಾರುವಾಕ್ಕಾಗಿ ಭೇದ ಮಾಡಿರಲಿಕ್ಕಿಲ್ಲ.

ಲಕ್ಷ್ಮಿ ಚಂಚಲೆ ಅಂತಾರೆ. ಸರ್ಕಾರದ ಲಕ್ಷ್ಮಿ ಹಾಗಲ್ಲ, ಕೂತರೆ ಹದಿನೆಂಟು ವರ್ಷ ಏಳುವುದಿಲ್ಲ. ಯಡಿಯೂರಪ್ಪನವರು ಉಪಮುಖ್ಯಮಂತ್ರಿಯೂ ಹಣಕಾಸು ಮಂತ್ರಿಯೂ ಆಗಿದ್ದ 2006-07ರಲ್ಲಿ, ಬಿಪಿಎಲ್ ಮನೆಯ ಹೆಣ್ಣುಕೂಸಿನ ಹೆಸರಿಗೆ 10,000 ಇಡುವ ಮೂಲಕ ಯೋಜನೆ ಶುರುವಾಯಿತು. ಆ ಮೊದಲ ತಂಡಕ್ಕೆ 2024ರಲ್ಲಿ ಹದಿನೆಂಟು ತುಂಬಿತು. ಮೊದಲ ಮಗಳ ಬಾಂಡಿನಲ್ಲಿದ್ದದ್ದು 34,751. ಮೂರೂವರೆ ಪಟ್ಟು, ಚಪ್ಪಾಳೆ! ಈಗ ಬೆಳಗಾವಿ ಶಹಾಪುರದ ಸರಾಫರನ್ನು ಕೇಳಿ. ಅವಳು ಹುಟ್ಟಿದ ವರ್ಷ ಹತ್ತು ಸಾವಿರಕ್ಕೆ ತೊಲದ ಮೇಲೆ ಚೂರು ಬಂಗಾರ ಬರುತ್ತಿತ್ತು. 2024ರಲ್ಲಿ 34,751 ಹಿಡಿದು ಹೋದರೆ ಅರ್ಧ ತೊಲಕ್ಕೂ ಕಮ್ಮಿ, ಮಜೂರಿ ಬೇರೆ. ಇಟ್ಟದ್ದು ಒಂದು ತೊಲ, ಬಂದದ್ದು ಅರ್ಧ ತೊಲ. ಸುರಕ್ಷಿತ ಹೂಡಿಕೆ ಅಂದರೆ ಇದೇ ಇರಬೇಕು. 2020-21ರಿಂದ ಲಕ್ಷ್ಮಿ ಎಲ್‌ಐಸಿ ಬಿಟ್ಟು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಹೋಗಿದ್ದಾಳೆ: ವರ್ಷಕ್ಕೆ 3,000, ಹದಿನೈದು ವರ್ಷ ಕಟ್ಟಬೇಕು, ಕೈಗೆ ಬರುವುದು ಇಪ್ಪತ್ತೊಂದಕ್ಕೆ. ಬಡ್ಡಿ ವಾಸಿ, ಒಪ್ಪೋಣ. ಕಾಯಿಸುವ ಕಲೆಯಲ್ಲೂ ಮೂರು ವರ್ಷದ ಪ್ರಗತಿಯಾಗಿದೆ.

ಪುಕ್ಕಟೆ ಕೊಡಲು ಸರ್ಕಾರವೇನು ಮಾವನ ಮನೆಯೇ? ಷರತ್ತುಗಳಿವೆ. ಕೂಸು ಹುಟ್ಟಿದ್ದು ನೋಂದಣಿಯಾಗಿರಬೇಕು, ಚುಚ್ಚುಮದ್ದು ಆಗಿರಬೇಕು, ಎಂಟನೇ ಇಯತ್ತೆ ಓದಬೇಕು, ಕೂಲಿಗೆ ಹೋಗಬಾರದು, ಹದಿನೆಂಟರೊಳಗೆ ಲಗ್ನವಾಗಬಾರದು. ಬಾಂಡು ಮನೆಗೆ ಎರಡೇ, ಮಕ್ಕಳು ಮೂರು ಮೀರಬಾರದು, ತಂದೆ ಅಥವಾ ತಾಯಿ ಆಪರೇಷನ್ ಮಾಡಿಸಿಕೊಂಡಿರಬೇಕು. ಒಂದೊಂದೂ ಒಳ್ಳೆಯ ಷರತ್ತೇ. ಆದರೆ ಆಮಗಾಂವ್, ತಳೇವಾಡಿ, ಕೊಂಗಳಾ ಕಡೆಯ ಹುಡುಗಿಯನ್ನು ನೆನಪಿಸಿಕೊಳ್ಳಿ. ಭೀಮಗಡ ಅಭಯಾರಣ್ಯದ ಒಳಗಿನ ಊರುಗಳು. ಆಮಗಾಂವ್‌ನಲ್ಲಿ 2010ರಲ್ಲಿ ಹತ್ತು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಅಲ್ಲಿ ಮಳೆಗಾಲದಲ್ಲಿ ಕಾಯಿಲೆ ಬಿದ್ದವರನ್ನು ಇಂದಿಗೂ ಬಿದಿರಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ರಸ್ತೆ ಮುಟ್ಟಿಸುತ್ತಾರೆ. ಎಂಟನೇ ಇಯತ್ತೆ ಓದಬೇಕು ಎಂಬ ಷರತ್ತು ಹುಡುಗಿಗೆ ಉಂಟು. ಎಂಟನೆಯವರೆಗೆ ನಡೆದು ಹೋಗಲೊಂದು ಸಂಕವನ್ನಾದರೂ ಕಟ್ಟಬೇಕೆಂಬ ಷರತ್ತು ಸರ್ಕಾರಕ್ಕಿಲ್ಲ. ಹೇಗೋ ಓದಿ, ಆಧಾರ್‌ಗೂ ಬಾಂಡಿಗೂ ಹೆಸರು ತಾಳೆಯಾಗದೆ ಖಾನಾಪುರಕ್ಕೆ ಇಳಿದು ಬಂದರೆ ತಾಲ್ಲೂಕು ಕಚೇರಿಗಳ ಸನಾತನ ವಾಕ್ಯ ಕಾದಿರುತ್ತದೆ: "ಸಾಹೇಬ್ರು ಬೆಳಗಾವಿಗೆ ಮೀಟಿಂಗಿಗೆ ಹೋಗ್ಯಾರ, ಸ್ವಾಮಾರ ಬರ್ರಿ." ಮೀಟಿಂಗು ಬಹುಶಃ ಹೆಣ್ಣುಮಕ್ಕಳ ಸಬಲೀಕರಣದ್ದೇ.

ತಡವಾಗುವ ಹಕ್ಕು ಯಾರಿಗಿದೆ ಎಂಬುದು 2025ರ ಡಿಸೆಂಬರಿನಲ್ಲಿ ಹಲಗಾದ ಸುವರ್ಣ ವಿಧಾನಸೌಧದಲ್ಲೇ ಗೊತ್ತಾಯಿತು. ತಾಯಂದಿರ ಗೃಹಲಕ್ಷ್ಮಿ ದುಡ್ಡು, ತಿಂಗಳಿಗೆ 2,000, ಆಗಸ್ಟ್‌ವರೆಗೂ ಸಂದಿದೆ ಎಂದು ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ಹೇಳಿದ್ದರು. ಹಾಗಾದರೆ ಫೆಬ್ರವರಿ, ಮಾರ್ಚ್ ಎಲ್ಲಿ ಎಂದು ವಿರೋಧ ಪಕ್ಷ ಹಿಡಿದುಕೊಂಡಿತು. ಕಡೆಗೆ ಅವು ಬಂದಿಲ್ಲವೆಂದು ಒಪ್ಪಿ, ಬೆಳಗಾವಿ ಗ್ರಾಮೀಣದ ಶಾಸಕಿಯೂ ಆದ ಸಚಿವರು ವಿಷಾದ ಹೇಳಿದರು. ಭಾಗ್ಯಲಕ್ಷ್ಮಿ ಅರ್ಜಿಯ ಗಡುವು ಮೀರಿದ ತಾಯಿಗೂ ವಿಷಾದವನ್ನೇ ದಾಖಲೆಯಾಗಿ ಲಗತ್ತಿಸುವ ಅವಕಾಶವಿದ್ದಿದ್ದರೆ ಎಷ್ಟು ಬಾಂಡು ಉಳಿಯುತ್ತಿದ್ದವೋ.

ಕಳೆದುಹೋದ ಅದೇ ಮಾರ್ಚ್‌ನಲ್ಲಿ ಇನ್ನೊಂದು ಕುಟುಂಬಕ್ಕೆ ಮಾತ್ರ ಎಲ್ಲ ಸಸೂತ್ರವಾಗಿ ಸಂದಾಯವಾಯಿತು. ಶಾಸಕರ ವೇತನ 40,000ದಿಂದ 80,000ಕ್ಕೆ ಏರಿಸುವ ಮಸೂದೆ ಸದನದ ಗದ್ದಲದ ನಡುವೆಯೇ ಪಾಸಾಯಿತು. ಬಾಂಡಿಲ್ಲ, ಷರತ್ತಿಲ್ಲ, ಆಧಾರ್ ತಾಳೆಯಿಲ್ಲ. ನನ್ನ ವಿನಂತಿ ಇಷ್ಟೇ: ಆ ಹೆಚ್ಚಿದ 40,000ವನ್ನೂ ಭಾಗ್ಯಲಕ್ಷ್ಮಿಯ ಷರತ್ತುಗಳಡಿ ತನ್ನಿ. ಹದಿನೆಂಟು ವರ್ಷ ಠೇವಣಿ ಇರಲಿ. ಅವಧಿ ಮುಗಿಯುವ ಮೊದಲೇ ಇನ್ನೊಂದು ಪಕ್ಷದ ಜೊತೆ ಲಗ್ನವಾದರೆ ಬಾಂಡು ರದ್ದು. ಮನೆಗೆ ಎರಡೇ ಎಂಬ ನಿಯಮವೂ ಬರಲಿ. ಗೋಕಾಕದ ಜಾರಕಿಹೊಳಿಯವರಿಗೆ ಸ್ವಲ್ಪ ಕಷ್ಟವಾದೀತು: ಮೂವರು ಅಣ್ಣತಮ್ಮಂದಿರು ವಿಧಾನಸಭೆಯಲ್ಲಿ, ಒಬ್ಬರು ಪರಿಷತ್ತಿನಲ್ಲಿ, ಒಬ್ಬ ಮಗಳು ಲೋಕಸಭೆಯಲ್ಲಿ. ಯಾವ ಇಬ್ಬರಿಗೆ ಬಾಂಡು ಅನ್ನುವುದನ್ನು ಅಂಗನವಾಡಿ ಅಕ್ಕಾರು ಮನೆಗೆ ಬಂದು ಪಟ್ಟಿ ಮಾಡಿಕೊಂಡು ಹೋಗಲಿ.