ಋಣಮುಕ್ತ ರಾಯರು

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಆರು ಗಂಟೆಗೆ ಎದುರಾಗುವ ನಿವೃತ್ತ ಮಹನೀಯರಲ್ಲಿ ಹಿಂದೆ ಎರಡೇ ಪಂಗಡಗಳಿದ್ದವು: ಊಟಕ್ಕೆ ಮುನ್ನ ಮತ್ತು ಊಟದ ತರುವಾಯ ತಮ್ಮ ರಕ್ತದಲ್ಲಿ ಸಕ್ಕರೆಯೆಷ್ಟಿತ್ತೆಂಬುದನ್ನು ಅಪರಿಚಿತರಿಗೂ ನಿವೇದಿಸುವವರು ಒಂದು, ರಕ್ತದೊತ್ತಡದ ಮೇಲಿನ ಅಂಕಿಯನ್ನೂ ಕೆಳಗಿನ ಅಂಕಿಯನ್ನೂ ಮಂತ್ರದಂತೆ ಉಚ್ಚರಿಸುವವರು ಇನ್ನೊಂದು. ಈಚೆಗೆ ಮೂರನೆಯ ಪಂಗಡವೊಂದು ತಲೆಯೆತ್ತಿದೆ. ಇವರ ಅಂಕಿಯು 300ರಿಂದ 900ರವರೆಗೆ ಸಂಚರಿಸುವುದು. ಇದಕ್ಕೆ ಪಥ್ಯವುಂಟು, ಮಾತ್ರೆಯಿಲ್ಲ. ಆ ಪಂಗಡದ ಮೂಲಪುರುಷರೆಂದು ನಾನು ಭಾವಿಸಿರುವ, ಮಂಕಿ ಟೋಪಿಯೊಳಗಿನಿಂದ ಮೂಗನ್ನೂ ಕನ್ನಡಕವನ್ನೂ ಮಾತ್ರ ಲೋಕಕ್ಕೆ ತೋರುವ, ಕೃಷ್ಣಮೂರ್ತಿಪುರಂನ ನಮ್ಮ ರಾಯರನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ಬಯಸಿದ್ದೆ. ಅವರ ಹೆಸರು ನಿಮಗೆ ಬೇಡ; ನಿಮ್ಮ ಬೀದಿಯಲ್ಲಿಯೂ ಒಬ್ಬರಿದ್ದಾರೆ.

ನಾಲ್ಕು ದಶಕಗಳ ಕಾಲ ಚರಿತ್ರೆಯನ್ನು ಬೋಧಿಸಿ ಹೆಡ್‌ಮಾಸ್ಟರಾಗಿ ನಿವೃತ್ತರಾದ ರಾಯರು ಆಜನ್ಮ ಋಣವೈರಿಗಳು. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಶಾಸ್ತ್ರವೇ ವಿಧಿಸಿರುವುದರಿಂದ ನಿರುಪಾಯರಾಗಿ ಒಪ್ಪಿಕೊಂಡಿದ್ದರೇ ಹೊರತು ನಾಲ್ಕನೆಯದೊಂದನ್ನು ತಮ್ಮ ಹೊಸ್ತಿಲು ದಾಟಗೊಟ್ಟವರಲ್ಲ. ಕರೆಂಟ್ ಬಿಲ್ಲು ಬಂದ ದಿನವೇ ಪಾವತಿ. ಹಾಲಿನವನ ಲೆಕ್ಕ ತಿಂಗಳ ಕೊನೆಯ ಸಂಜೆಗೆ ಚುಕ್ತಾ. ಪೇಟೆಗೆ ಹೋದಾಗಲೆಲ್ಲ ದೊಡ್ಡ ಗಡಿಯಾರದ ಕನ್ನಡ ಅಂಕಿಗಳ ಕೆಳಗೆ ನಿಂತು ತಮ್ಮ ಕೈಗಡಿಯಾರದೊಡನೆ ತಾಳೆ ನೋಡುವರು. ವ್ಯತ್ಯಾಸ ಕಂಡರೆ ಅವರ ಸಂಶಯ ದೊಡ್ಡ ಗಡಿಯಾರದ ಮೇಲೆ. ಸಾಲದ ಮಾತೆತ್ತಿದ ಕನ್ನಡಿಗನು ಸರ್ವಜ್ಞನ ತ್ರಿಪದಿಯೊಂದನ್ನು ಹೇಳದೆ ಬಿಡುವುದುಂಟೆ? ರಾಯರೂ ಹೇಳುತ್ತಿದ್ದರು, ನಾನು ಬಿಡುತ್ತೇನೆ. ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಆಸ್ಥೆಯಿಂದ, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು ಅವರ ಪಾಲಿಗೆ ಕುಲದೇವತೆಗೆ ಸಮಾನವಾಗಿದ್ದು, 2017ರ ಏಪ್ರಿಲ್ ಒಂದರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದಾಗ, ಆ ತಾರೀಖಿನ ಮಹಿಮೆಯಿಂದ ಅದೊಂದು ಕುಚೇಷ್ಟೆಯೆಂದೇ ಮಧ್ಯಾಹ್ನದವರೆಗೂ ನಂಬಿದ್ದರು.

ಇಂಥವರ ಕೈಗೆ ಕ್ರೆಡಿಟ್ ಕಾರ್ಡು ಬಂದುದು ಒಂದು ಮಾಲಿನ ಬಾಗಿಲಲ್ಲಿ. ಕುತ್ತಿಗೆಗೆ ಟೈ ಬಿಗಿದ ಹುಡುಗನೊಬ್ಬ, "ಮೊದಲ್ನೇ ವರ್ಷ ಪೂರ್ತಿ ಫ್ರೀ ಸಾರ್, ಒಂದು ಸೈನ್ ಹಾಕಿ ಸಾಕು, ಬ್ಯಾಗೂ ಕೊಡ್ತೀವಿ" ಎಂದನು. ಹುಡುಗನ ಮುಖವು ಹಳೆಯ ಶಿಷ್ಯನೊಬ್ಬನನ್ನು ಹೋಲುತ್ತಿದ್ದುದರಿಂದಲೋ ಬ್ಯಾಗಿಗೆ ಚಕ್ರಗಳಿದ್ದುದರಿಂದಲೋ ರಾಯರು ಸಹಿ ಹಾಕಿದರು. ಕಾರ್ಡು ಬಂದಿತು. ಅದರಿಂದ ಒಂದು ಗುಂಡುಸೂಜಿಯನ್ನೂ ಕೊಳ್ಳದೆ, ಹನ್ನೊಂದು ತಿಂಗಳು ಪಂಚಾಂಗದೊಳಗಿಟ್ಟಿದ್ದು, ಒಂದು ದಿನ ಅಡಕತ್ತರಿಯನ್ನು ತರಿಸಿ, ಮೂರು ಸಲ ಒತ್ತಿ, ತುಂಡುಗಳನ್ನು ಪಾರಿಜಾತದ ಬುಡದಲ್ಲಿ ಹೂಳಿ, ಕೈಕಾಲು ತೊಳೆದುಕೊಂಡರು.

"ಬ್ಯಾಂಕಿಗೆ ಒಂದು ಮಾತು ತಿಳಿಸಿದ್ರಾ?" ಎಂದು ಮನೆಯವರು ಒಳಗಿನಿಂದ ಕೇಳಿದರು.

"ಸಂಹಾರ ಆದ್ಮೇಲೆ ಸಮಾಚಾರ ಏನು ಕೊಡೋದು?"

ನಿತ್ಯವೂ ಗೀತೆಯನ್ನು ಪಾರಾಯಣ ಮಾಡುವ ಈ ಪುಣ್ಯಾತ್ಮರಿಗೆ, ದೇಹ ಬೇರೆ ದೇಹಿ ಬೇರೆ ಎಂಬ ತತ್ತ್ವವು ಪ್ಲಾಸ್ಟಿಕ್ಕಿಗೂ ಅನ್ವಯಿಸುವುದೆಂದು ಹೊಳೆಯಲಿಲ್ಲ. ಕಾರ್ಡು ಮಣ್ಣಾಯಿತು, ಖಾತೆಯು ಅಜರಾಮರವಾಗಿ ಉಳಿಯಿತು. ಎರಡನೆಯ ವರ್ಷ ಕಾಲಿಡುತ್ತಲೇ ವಾರ್ಷಿಕ ಶುಲ್ಕ 500, ಅದರ ಮೇಲೆ ನೂರಕ್ಕೆ ಹದಿನೆಂಟರಂತೆ ಜಿಎಸ್‌ಟಿ 90, ಒಟ್ಟು 590 ರೂಪಾಯಿ ಅವರ ಹೆಸರಿನಲ್ಲಿ ಬಿದ್ದಿತು. ಬಿಲ್ಲು ಹೋದುದು ಮಗನು ಎಂದೋ ಮಾಡಿಕೊಟ್ಟು ಯಾರೂ ತೆರೆಯದ ಇಮೇಲಿಗೆ. ಎಸ್ಸೆಮ್ಮೆಸ್ಸು ಹೋದುದು ರಾಯರು ಬಿಟ್ಟ ಹಳೆಯ ನಂಬರಿಗೆ. ಕೊನೆಗೆ ಮನೆಯ ಫೋನಿಗೇ ಕರೆ ಬಂದಾಗ ರಾಯರು ಕೊಡಬಹುದಾಗಿತ್ತು. ಆದರೆ ಕೊಳ್ಳದ ವಸ್ತುವಿಗೆ ಬೆಲೆ ತೆರುವುದು ಧರ್ಮವೇ ಎಂಬ ಪ್ರಶ್ನೆಯೆದ್ದುದರಿಂದ, ಅದನ್ನು ಐದು ಪುಟಗಳ ಪತ್ರದಲ್ಲಿ ಚರ್ಚಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ಉತ್ತರವನ್ನು ನಿರೀಕ್ಷಿಸುತ್ತ ಕುಳಿತರು.

ಧರ್ಮಜಿಜ್ಞಾಸೆ ನಡೆಯುವಾಗ ದಿನಗಳ ಎಣಿಕೆ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮವು ಮರೆಗುಳಿಗಳಿಗೆ ಮೂರು ದಿನಗಳ ಸೈರಣೆಯನ್ನು ತೋರುತ್ತದೆ. ಅದು ಮೀರಿದ ಬಾಕಿಯನ್ನು ಬ್ಯಾಂಕು ಸಿಬಿಲ್ ಮೊದಲಾದ ನಾಲ್ಕು ಸಾಲಮಾಹಿತಿ ಸಂಸ್ಥೆಗಳಿಗೆ ವರದಿ ಮಾಡಬಹುದು, ಮಾಡುವಾಗ ಗಡುವಿನ ದಿನದಿಂದಲೇ ಎಣಿಸಬಹುದು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದ ಈ ಚಾಡಿಯು 2025ರ ಜನವರಿಯಿಂದ ಹದಿನೈದು ದಿನಗಳಿಗೊಮ್ಮೆ ಹೋಗತೊಡಗಿತು. ಕನಿಷ್ಠ ಮೊತ್ತವೆಂದು ಬಿಲ್ಲಿನಲ್ಲಿ ಮುದ್ರಿಸಿರುವುದನ್ನಾದರೂ ತೆತ್ತಿದ್ದರೆ, ಬಡ್ಡಿ ಬೆಳೆಯುತ್ತಿದ್ದರೂ ಹೆಸರು ಉಳಿಯುತ್ತಿತ್ತು.

ಆ ವರ್ಷದ ಮಳೆಯಲ್ಲಿ ರಾಯರ ಮಂಗಳೂರು ಹೆಂಚಿನ ಮಾಡು ದೇವರಕೋಣೆಯ ಮೇಲೆಯೇ ಸೋರಿದುದರಿಂದ, ಮಗನ ಮುಂದೆ ಕೈಚಾಚಲೊಲ್ಲದೆ, ಜೀವಮಾನದಲ್ಲಿ ಮೊದಲ ಬಾರಿಗೆ ಸಾಲದ ಅರ್ಜಿಯನ್ನು ಹಿಡಿದು ಬ್ಯಾಂಕಿಗೆ ಹೋದರು. ಅಲ್ಲಿದ್ದ ಅಧಿಕಾರಿಣಿ ಮೊಮ್ಮಗಳ ವಯಸ್ಸಿನವಳು. ಅವಳು ತಿರುಗಿಸಿ ತೋರಿದ ವರದಿಯಲ್ಲಿ ತಿಂಗಳಿಗೊಂದು ಮನೆ, ಮನೆಗೆ ಮೂರು ಅಂಕಿ. ಸಾಲಾಗಿ 000, 000 ಎಂದು ಬಿದ್ದಿದ್ದುದನ್ನು ಕಂಡು ರಾಯರ ಎದೆ ಕುಸಿಯಿತು. ಕೊನೆಯ ಎರಡು ಮನೆಗಳಲ್ಲಿ 027, 058 ಎಂದಿರುವುದನ್ನು ನೋಡಿ, "ಸದ್ಯ, ಕೊನೇದರಲ್ಲಾದ್ರೂ ಪಾಸಾಗಿದೆ" ಎಂದು ನಿಟ್ಟುಸಿರುಬಿಟ್ಟರು. ಅವು ಗಡುವು ಮೀರಿದ ದಿನಗಳೆಂದೂ, ಇಲ್ಲಿ ಸೊನ್ನೆಯೇ ಪರಮಪದವೆಂದೂ ಅವಳು ವಿವರಿಸಬೇಕಾಯಿತು.

"ಸಿಬಿಲ್ ಸ್ಕೋರ್ 642 ಇದೆ ಸರ್. ಸಾಮಾನ್ಯವಾಗಿ 750ರ ಮೇಲಿದ್ರೆ ಅನುಕೂಲ."

"900ಕ್ಕೆ 642 ಅಂದ್ರೆ ನೂರಕ್ಕೆ ಎಪ್ಪತ್ತೊಂದಾಯ್ತು. ಫಸ್ಟ್ ಕ್ಲಾಸ್ ಅಲ್ವೇನಮ್ಮಾ?"

"ಶುರುವಾಗೋದೇ 300ರಿಂದ ಸರ್. ಸಾಲ ತೀರಿಸದೇ ಕೂತೋರಿಗೂ ಅಷ್ಟು ಇದ್ದೇ ಇರುತ್ತೆ."

"ಹಾಗಾದ್ರೆ ಸಾಲವನ್ನೇ ಮಾಡದವನಿಗೆ ಎಷ್ಟು ಕೊಡ್ತೀರಿ?"

"ಅವರಿಗೆ ಮೈನಸ್ ಒಂದು ಸರ್. ಹಿಸ್ಟರಿ ಇಲ್ಲ ಅಂತ."

ಕದಂಬರಿಂದ ಒಡೆಯರವರೆಗಿನ ಚರಿತ್ರೆಯನ್ನು ಕಂಠಪಾಠ ಮಾಡಿಸಿದ್ದ ರಾಯರು, ಎಪ್ಪತ್ತು ವರ್ಷಗಳ ತಮ್ಮ ನಿಷ್ಕಳಂಕ ಜೀವಿತವು ಶೂನ್ಯಕ್ಕಿಂತಲೂ ಒಂದು ಮೆಟ್ಟಿಲು ಕೆಳಗಿತ್ತೆಂಬುದನ್ನು ಅರಗಿಸಿಕೊಳ್ಳಲು ಅಲ್ಲಿಯೇ ಒಂದು ಲೋಟ ನೀರನ್ನು ಕೇಳಿದರು. ಬಾಕಿಯು ತಡಪಾವತಿಯ ದಂಡ, ಬಡ್ಡಿ, ದಂಡದ ಮೇಲಿನ ತೆರಿಗೆಗಳನ್ನು ಕೂಡಿಕೊಂಡು 1,800ನ್ನು ದಾಟಿತ್ತು, ಪೂರ್ತಿ ಕಟ್ಟಿದರು. ಖಾತೆಯನ್ನು ಮುಚ್ಚುವಂತೆ ಬರೆದುಕೊಟ್ಟರೆ ಏಳು ಕೆಲಸದ ದಿನಗಳೊಳಗೆ ಮುಚ್ಚತಕ್ಕದ್ದು, ತಪ್ಪಿದರೆ ದಿನಕ್ಕೆ 500ರಂತೆ ಬ್ಯಾಂಕೇ ದಂಡ ತೆರತಕ್ಕದ್ದು ಎಂಬ ನಿಯಮವನ್ನು ಓದಿದ ಮೇಲೆ ಅವರ ಮುಖದಲ್ಲಿ ಕೊಂಚ ಕಾಂತಿ ಮೂಡಿ, ಬೆರಳು ಮಡಿಚಿ ದಿನವೆಣಿಸತೊಡಗಿದರು. ದುರದೃಷ್ಟವಶಾತ್ ಬ್ಯಾಂಕು ಆರನೆಯ ದಿನವೇ ಮುಚ್ಚಿತು.

ಉಳಿದುದು ಆ ಎರಡು ಮನೆಗಳ ಕಲೆ. ವರದಿಯಲ್ಲಿ ತಪ್ಪಿದ್ದರೆ ದೂರು ಕೊಟ್ಟ 30 ದಿನಗಳಲ್ಲಿ ತಿದ್ದಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ನಿಜವಿದ್ದರೆ ತಿದ್ದುವಂತಿಲ್ಲ. ಇದು ರಾಯರಿಗೆ ಅತ್ಯಂತ ಕ್ರೂರವೆನಿಸಿತು. ಶಾಲೆಗೆ ಸೇರುವ ಎಷ್ಟೋ ಮಕ್ಕಳ ಜನ್ಮದಿನವನ್ನು, ಆಯಾ ತಂದೆತಾಯಿಗಳ ಮುಖ ನೋಡಿ, ಜೂನ್ ಒಂದನೆಯ ತಾರೀಖಿಗೆ ತಂದು ಕೂರಿಸಿದ್ದ ದಯಾರ್ದ್ರ ಹಸ್ತವಲ್ಲವೆ ಅವರದು?

ಕಲೆ ಮಾಸಬೇಕಾದರೆ ಮತ್ತೆ ಸಾಲ ಮಾಡಿ ಮತ್ತೆ ತೀರಿಸುತ್ತಿರಬೇಕೆಂಬುದು ಅಧಿಕಾರಿಣಿಯ ಚಿಕಿತ್ಸೆ. ಅದರಂತೆ ಠೇವಣಿಯೊಂದರ ಆಧಾರದ ಮೇಲೆ ಹೊಸ ಕಾರ್ಡನ್ನು ಪಡೆದ ರಾಯರು, ಮಾಡಿನ ಕೆಳಗೆ ಬಕೆಟ್ಟನ್ನಿರಿಸಿ, ತಿಂಗಳಿಗೆ ಒಂದು ಕೆ.ಜಿ. ಕಾಫಿಪುಡಿಯನ್ನು ಕಾರ್ಡಿನಿಂದಲೇ ಕೊಳ್ಳುತ್ತಾರೆ. ಬಿಲ್ಲು ಬರುವವರೆಗೂ ತಡೆದಿರಿ ಎಂದು ಅವಳು ಹೇಳಿರುವುದರಿಂದ, ಆ ಕೆಲವು ದಿನ ಸಾಲಗಾರರಾಗಿ ಬದುಕುವಾಗ ಕಾಫಿ ಕುಡಿದರೂ ರುಚಿಸದು, ಕುಡಿಯದಿದ್ದರೂ ನಿದ್ದೆ ಬಾರದು.

ಮೊನ್ನೆ ಅವರ ಮೊಮ್ಮಗಳನ್ನು ನೋಡಲು ವರನ ಕಡೆಯವರು ಬಂದಿದ್ದರು. ಮಹಾರಾಷ್ಟ್ರದಲ್ಲಿ ಸಿಬಿಲ್ ಅಂಕ ಕಡಿಮೆಯಿತ್ತೆಂದು ನಿಶ್ಚಯವಾಗಿದ್ದ ಸಂಬಂಧವೊಂದು ಮುರಿದ ಸುದ್ದಿಯು 2025ರಲ್ಲಿ ಪತ್ರಿಕೆಗಳಲ್ಲಿ ಬಂದಿದ್ದು, ಅದರ ಕತ್ತರಿಕೆ ರಾಯರ ಪಂಚಾಂಗದಲ್ಲಿದೆ. ಜಾತಕದ 36 ಗುಣಗಳಲ್ಲಿ 27 ಕೂಡಿಬಂದುವೆಂದು ಎಲ್ಲರೂ ಸಂತೋಷಪಡುತ್ತಿರುವಾಗ, ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು ರಾಯರು 36 ತಿಂಗಳ ವರದಿಯನ್ನೂ ಕೇಳಿದರು. ವರ್ಷಕ್ಕೊಂದು ಸಲ ಪುಕ್ಕಟೆಯಾಗಿಯೇ ಸಿಗುವುದರಿಂದ ಸಂಕೋಚ ಬೇಡವೆಂದೂ ಹೇಳಿದರು. ಹುಡುಗನು ನಾಚಿಕೊಂಡೇ ಮೊಬೈಲನ್ನು ತೆರೆದು ಕೊಟ್ಟನು. ಸೊನ್ನೆಗಳ ನಡುವೆ ಒಂದೇ ಒಂದು ಕಡೆ 031 ಎಂದಿತ್ತು. ರಾಯರು ಕನ್ನಡಕವನ್ನು ಒರಸಿ ಅದನ್ನೇ ಬಹಳ ಹೊತ್ತು ನೋಡಿ, ಯಾರಿಗೂ ಕೇಳಿಸದಂತೆ ಅವನ ಕಿವಿಯ ಬಳಿಗೆ ಬಾಗಿದರು.

"ಅಡಕತ್ತರೀಲಿ ಏನಾದ್ರೂ ಕತ್ತರಿಸಿದ್ರೇನಪ್ಪಾ?"