ವ್ಯಸನಮುಕ್ತಿ ಜಾಥಾದ ವ್ಯವಸ್ಥಾಪಕರಿಗೆ ‘ಇತರೆ’ ಹುಡುಗನ ಸೋದರಮಾವನ ಪತ್ರ

ಮಾನ್ಯರೇ,



ಆಗಸ್ಟ್ 1ರಂದು ನೀವು ತೆಗೆದ ಜಾಥಾ ಭರ್ಜರಿಯಾಗಿತ್ತು. ಮುದ್ರಣಕ್ಕೆ ಗದಗಿನ ಹೆಸರು ಹಳೆಯದು, ನಿಮ್ಮ ಬ್ಯಾನರ್ ಅದಕ್ಕೆ ಕುಂದು ತಂದಿಲ್ಲ. ಗಣ್ಯರ ಮುಖದ ಮೇಲಿನ ಕುಂಕುಮ ಸಹಿತ ಸ್ಪಷ್ಟವಾಗಿ ಮೂಡಿತ್ತು. ಜಿಟಿಜಿಟಿ ಮಳೆಯಲ್ಲೂ ಶಾಲೆಯ ಮಕ್ಕಳು ಗಂಟಲು ಹರಿಯುವಂತೆ ಘೋಷಣೆ ಕೂಗಿದರು. ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕಣ್ತುಂಬ ನೋಡಿದೆ. ನೋಡದೆ ಬೇರೆ ಗತಿಯಿರಲಿಲ್ಲ. ತಂಗಿಯ ಮಗನ ಚಟ ಬಿಡಿಸುವ ದಾರಿ ಕೇಳೋಣವೆಂದು ಬಂದರೆ, ದಾರಿ ಹೇಳುವವರೆಲ್ಲ ನಿಮ್ಮ ಬ್ಯಾನರ್ ಹಿಡಿದು ನಿಂತಿದ್ದರು.

ಹೊತ್ತು ಇಳಿದ ಮೇಲೆ ಒಬ್ಬರು ಬಂದು ರಿಜಿಸ್ಟರ್ ತೆರೆದರು.

‘ಹುಡುಗ ಎಷ್ಟ್ ಕುಡೀತಾನ್ರೀ?’

‘ಕುಡಿಯೂದಿಲ್ರೀ.’

‘ಹಂಗಾರ ತಂಬಾಕ?’

‘ಅಲ್ರೀ.’

‘ಗಾಂಜಾ?’

‘ಅದೂ ಅಲ್ರೀ. ಐಸ್ ಅಂತಾರಲ್ರೀ, ಮೆಥ್. ಬೆಂಗಳೂರಾಗ ರಾತ್ರಿ ಪಾಳಿಗೆ ಹೋಗ್ತಿದ್ದ, ನಿದ್ದಿ ಬರಬಾರ್ದಂತ ಯಾರೋ ಕೊಟ್ಟಾರ.’

ಅವರು ಪೆನ್ನು ಎತ್ತಿ ಹಿಡಿದು ಯೋಚಿಸಿದರು. ‘ಅದು ಹೊಸಾದು ಬಂದೈತ್ರಿ. ಇನ್ನೂ ಕಾಲಂ ಬಂದಿಲ್ಲ. ಇತರೆ ಅಂತ ಬರೀತೀನಿ.’

ಬರೆದರು. ನನ್ನ ತಂಗಿ ಶಿರಹಟ್ಟಿಯಲ್ಲಿ ರವಿಕೆ ಹೊಲಿದು ಬೆಳೆಸಿದ ಮಗ, ಸರ್ಕಾರದ ಪುಸ್ತಕದಲ್ಲಿ ಈಗ ‘ಇತರೆ’.

ಹೊಸದಂತೆ! ಜಪಾನಿನಲ್ಲಿ ಇದನ್ನು ತಯಾರಿಸಿದ್ದು 1893ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸೈನಿಕರಿಗೆ ‘ಪರ್ವಿಟಿನ್’ ಹೆಸರಿನ ಮಾತ್ರೆ ಮಾಡಿ ನುಂಗಿಸಿದರು. ನಮ್ಮದೇ ದೇಶದ 1985ರ ಮಾದಕ ವಸ್ತು ಕಾಯ್ದೆಯಡಿ ಇದರ ತೂಕವೂ ನಿಗದಿಯಾಗಿದೆ: 2 ಗ್ರಾಂವರೆಗೆ ‘ಸಣ್ಣ ಪ್ರಮಾಣ’, 50 ಗ್ರಾಂ ದಾಟಿದರೆ ‘ವಾಣಿಜ್ಯ ಪ್ರಮಾಣ’, ಕನಿಷ್ಠ 10 ವರ್ಷ ಜೈಲು. ಜೈಲಿಗೆ ಹಾಕುವವರ ಹತ್ತಿರ ಗ್ರಾಂ ಲೆಕ್ಕವಿದೆ. ಬದುಕಿಸಬೇಕಾದವರ ಹತ್ತಿರ ಒಂದು ಕಾಲಂ ಇಲ್ಲ.

ನಮ್ಮ ಕಡೆ ಚಟ ಹಿಡಿಯುವುದು ಮೂಗಿನಿಂದ. ಮಗ ಮನೆಗೆ ಬಂದರೆ ಅವ್ವ ಬಾಯಿ ವಾಸನೆ ನೋಡುತ್ತಾಳೆ. ಈ ‘ಇತರೆ’ಗೆ ಆ ವಾಸನೆಯೇ ಇಲ್ಲ. ಕಲ್ಲುಸಕ್ಕರೆಯಂಥ ಚೂರು. ಒಳಗೆ ಹೋದರೆ ಹಸಿವಿಲ್ಲ, ನಿದ್ದೆಯಿಲ್ಲ, ದಣಿವಿಲ್ಲ. ‘ಯಣ್ಣಾ, ಮಗ ಚುರುಕಾಗ್ಯಾನ’ ಎಂದು ತಂಗಿ ಮೊದಮೊದಲು ಖುಷಿಯಾಗಿದ್ದಳು. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ, ಅವಳ ಹೊಲಿಗೆ ಮಷಿನ್ ಪೂರ್ತಿ ಬಿಚ್ಚಿತ್ತು. ಸ್ಕ್ರೂಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಚಾಪೆಯ ಮೇಲೆ ಇಟ್ಟಿದ್ದ. ಒಳಗೆ ಯಾರೋ ಕ್ಯಾಮೆರಾ ಇಟ್ಟಿದ್ದಾರಂತೆ. ರಾತ್ರಿಯೆಲ್ಲ ಅದನ್ನೇ ಹುಡುಕಿದ್ದ. ಆಮೇಲೆ ಹಗಲು ರಾತ್ರಿ ಎನ್ನದೆ ಸತ್ತವನ ಹಾಗೆ ಬಿದ್ದುಕೊಂಡ. ಓಣಿಯವರು ಮಾಟ ಎಂದರು. ತಾಯತಕ್ಕೆ ದುಡ್ಡು ಹೋಯಿತು. ಹೊಲಿಯಲು ಕೊಟ್ಟವರು ಬಟ್ಟೆ ವಾಪಸ್ ಒಯ್ದರು. ಅವನ ತಂಗಿಯನ್ನು ನೋಡಲು ಬರಬೇಕಿದ್ದ ಬೀಗರು ಬರಲಿಲ್ಲ. ಚೂರು ಸೇದಿದವನು ಒಬ್ಬ, ಅನುಭವಿಸಿದ್ದು ಇಡೀ ಮನೆ. ಇದಕ್ಕೂ ನಿಮ್ಮಲ್ಲಿ ಕಾಲಂ ಇರಲಿಕ್ಕಿಲ್ಲ, ‘ಇತರೆ’ಯಲ್ಲೇ ಸೇರಿಸಿಕೊಳ್ಳಿ.

ನೀವು ಲೆಕ್ಕ ತೋರಿಸಬಹುದು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ಕುಡಿಯುವವರು ಶೇ 14.6, ಈ ಜಾತಿಯ ಉತ್ತೇಜಕ ಬಳಸುವವರು ಶೇ 0.18. ನಿಜ, ಹೆಂಡದ ಮುಂದೆ ಇದು ಏನೂ ಅಲ್ಲ. ಆದರೆ 2024ರಲ್ಲಿ ಅಂಡಮಾನ್ ಸಮುದ್ರದಲ್ಲಿ ಒಂದೇ ದೋಣಿಯಲ್ಲಿ ಸಿಕ್ಕ ಮೆಥ್ ಸುಮಾರು 6,000 ಕೆ.ಜಿ. 2025ರ ಮಾರ್ಚಿನಲ್ಲಿ ಮಂಗಳೂರು ಪೊಲೀಸರು ಹಿಡಿದದ್ದು 37 ಕೆ.ಜಿ.ಗೂ ಹೆಚ್ಚು ಎಂಡಿಎಂಎ, ಇದರದೇ ದಾಯಾದಿ. ಅದೇ ವರ್ಷ ಜುಲೈನಲ್ಲಿ ಮೈಸೂರಿನಲ್ಲಿ ಎಂಡಿ ಎಂಬ ಇನ್ನೊಂದು ಮಾದಕ ವಸ್ತು ತಯಾರಾಗುತ್ತಿದೆ ಎಂದು ನಮಗೆ ತಿಳಿಸಲು ಮುಂಬೈ ಪೊಲೀಸರು ಬರಬೇಕಾಯಿತು. ಇದನ್ನೆಲ್ಲ ಯಾರೂ ಉಪ್ಪಿನಕಾಯಿ ಹಾಕಲು ತಂದದ್ದಲ್ಲ. ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಹುಡುಗರು ದುಡಿಯಲು ಬಸ್ ಹತ್ತುವುದೂ ಬೆಂಗಳೂರು, ಮಂಗಳೂರು, ಗೋವಾಕ್ಕೇ. ದೀಪಾವಳಿಗೆ ಊರಿಗೆ ಬರುವಾಗ ಬ್ಯಾಗಿನಲ್ಲಿ ಬಟ್ಟೆಯಷ್ಟೇ ಇರುತ್ತದೆ ಎಂದು ನಂಬಿ ಕೂರುವುದೇ?

ಇರಲಿ, ಕಾಲಂ ಇಲ್ಲದಿದ್ದರೆ ಸಾಯಲಿ. ನನ್ನ ಹೊಟ್ಟೆ ಉರಿದದ್ದು ಕೊನೆಗೆ ಆ ರಿಜಿಸ್ಟರಿನವರು ದನಿ ತಗ್ಗಿಸಿ ಹೇಳಿದ ಮಾತಿಗೆ: ‘ಯಜಮಾನ್ರ, ಭಾಳ ಹೇಳಬ್ಯಾಡ್ರಿ, ಪೊಲೀಸ್ ಕೇಸ್ ಆಕ್ಕೈತಿ.’ ಇದೇ ಭಯಕ್ಕೆ ತಂಗಿ ಮಗನನ್ನು ತಿಂಗಳುಗಟ್ಟಲೆ ಮನೆಯಲ್ಲಿ ಮುಚ್ಚಿಟ್ಟಳು. ಅದೇ 1985ರ ಕಾಯ್ದೆಯಲ್ಲಿ 64ಎ ಎಂಬ ಕಲಮಿದೆ. ಚಟಕ್ಕೆ ಬಿದ್ದವನ ಮೇಲೆ ಬರಿ ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪವಿದ್ದು, ಅವನು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡರೆ, ಆ ಆರೋಪಕ್ಕೆ ಮೊಕದ್ದಮೆಯಿಲ್ಲ. ನಡುವೆ ಬಿಟ್ಟು ಓಡಿದರೆ ಈ ರಕ್ಷಣೆ ಹೋಗಬಹುದು, ಅಷ್ಟೆ. ನಿಮ್ಮ ಬ್ಯಾನರಿನಲ್ಲಿ ಅಷ್ಟೊಂದು ಗಣ್ಯರಿಗೆ ಜಾಗವಿತ್ತು, ಈ ಒಂದು ಸಾಲಿಗೆ ಇರಲಿಲ್ಲವೇ? ಹೆದರಿಸಲು ಬರುತ್ತದೆ, ದಾರಿ ತೋರಿಸಲು ಬರುವುದಿಲ್ಲ. ನಾಚಿಕೆಯಾಗಬೇಕು.

ನೀವು ಜಾಥಾ ತೆಗೆದದ್ದು ಇಳಕಲ್ಲಿನ ಮಹಾಂತ ಶಿವಯೋಗಿಗಳ ಹುಟ್ಟಿದ ದಿನ. 1975ರಿಂದ ಅವರು ಜೋಳಿಗೆ ಹಿಡಿದು ಜನರ ಮನೆ ಬಾಗಿಲಿಗೆ ಹೋದರು, ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಆ ಜೋಳಿಗೆಗೆ ಕಾಲಂ ಇರಲಿಲ್ಲ. ‘ಇತರೆ’ಯೂ ಅದರಲ್ಲಿ ಹಿಡಿಸುತ್ತಿತ್ತು. ಅವರು ಜನರಿದ್ದಲ್ಲಿಗೆ ಹೋದರು. ನೀವು ಜನ ಬಂದ ದಿನವೇ ಕಚೇರಿಗೆ ಬೀಗ ಹಾಕಿ ಅವರ ಹೆಸರಿನಲ್ಲಿ ಮೆರವಣಿಗೆ ಹೋದಿರಿ.

ಕೊನೆಗೆ ನಮಗೆ ದಾರಿ ಹೇಳಿದವನು ಔಷಧ ಅಂಗಡಿಯ ಹುಡುಗ. ಅಳಿಯ ಈಗ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಬರುತ್ತಿದ್ದಾನೆ. ಮೆಥ್ ಚಟ ಬಿಡಿಸಲೆಂದೇ ಮಾನ್ಯವಾದ ಗುಳಿಗೆ ಇನ್ನೂ ಬಂದಿಲ್ಲ. ಆಪ್ತ ಸಮಾಲೋಚನೆ, ಮನೆಯವರ ತಾಳ್ಮೆ, ಬಿಡದೆ ಹೋಗಿ ಬರುವುದು, ಇಷ್ಟೇ ದಾರಿ. ಸಂಶಯ, ಭ್ರಮೆ ಹೆಚ್ಚಾದರೆ ಅದಕ್ಕೆ ಬೇರೆ ಔಷಧ ಕೊಡುತ್ತಾರೆ.

ವ್ಯವಸ್ಥಾಪಕರೇ, ಮುಂದಿನ ಬ್ಯಾನರಿನಲ್ಲಿ ಒಬ್ಬ ಗಣ್ಯರ ಫೋಟೋ ಕಡಿಮೆ ಮಾಡಿ, ಆ ಜಾಗದಲ್ಲಿ 64ಎ ಬರೆಸಿ. ರಿಜಿಸ್ಟರಿನಲ್ಲಿ ಒಂದು ಗೆರೆ ಎಳೆದು ಮೆಥ್ ಎಂದು ಬರೆಯಿರಿ, ಸ್ಕೇಲು ಬೇಕಿದ್ದರೆ ನಾನೇ ತಂದುಕೊಡುತ್ತೇನೆ. ಓದುಗರೇ, ಮನೆಯ ಹುಡುಗ ಊಟ ನಿದ್ದೆ ಬಿಟ್ಟು, ಇಲ್ಲದ ಕ್ಯಾಮೆರಾ ಹುಡುಕತೊಡಗಿದರೆ ತಾಯತಕ್ಕೆ ಓಡಬೇಡಿ, ಮುಚ್ಚಿಡಲೂ ಬೇಡಿ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಕರೆಗೆ ದುಡ್ಡು ಬೀಳುವುದಿಲ್ಲ. ಮೊದಲು ಅದಕ್ಕೆ ಫೋನ್ ಮಾಡಿ.

ಇಂತಿ,
‘ಇತರೆ’ ಹುಡುಗನ ಸೋದರಮಾವ
ಬೆಟಗೇರಿ